ಒಂಬತ್ತರ ಬಸ್ಸು

ನನ್ನ ಸ್ವಂತ ತಮ್ಮ ನನ್ನ ಕಣ್ಣೆದುರೇ ಬಸ್ಸು ಬಿಟ್ಟುಕೊಂಡು ಹೋದ. ಕನ್ನಡಿಯಲ್ಲಿ ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಆದರೂ ಹೋದ. ಇದನ್ನು ಯಾರ ಮುಂದೆ ಹೇಳಿದರೂ ಇರಲಿ ಬಿಡು, ಅವನಿಗೂ ಏನೋ ಕಷ್ಟ ಇದ್ದಿರಬೇಕು ಅನ್ನುತ್ತಾರೆ. ಇರಲಿ ಬಿಡು ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಪ್ಪನ ಗಂಟಲಲ್ಲಿ ಗಡ್ಡೆ. ಅವತ್ತು ಬೆಳಿಗ್ಗೆ ಹತ್ತೂವರೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯುವುದಿತ್ತು. ಜೀವಕ್ಕೇನೂ ಆಗುವುದಿಲ್ಲ, ಆದರೆ ಇನ್ನು ಮಾತಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಹಡಗಿನ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಊರಿಗೆ ಬರುವುದೆಲ್ಲ ನೀರಿನ ದಾರಿಯಲ್ಲೇ. ಈ ಸಲ ಅಷ್ಟು ಪುರುಸೊತ್ತು ಇರಲಿಲ್ಲ. ನಡುವಿನ ಬಂದರಿನಲ್ಲಿ ಇಳಿದು ಹುಟ್ಟಿದಂದಿನಿಂದ ಮೊದಲ ಬಾರಿಗೆ ವಿಮಾನ ಹತ್ತಿದೆ. ಹತ್ತುವ ಮುಂಚೆ ಫೋನ್ ಮಾಡಿದಾಗ ಅಪ್ಪ ಹರಿದ ದನಿಯಲ್ಲಿ ಹೇಳಿದ್ದು ಇಷ್ಟೇ: "ಒಂಬತ್ತರ ಬಸ್ಸಿಗೆ ಬಾ. ಉಳಿದದ್ದು ಎದುರಿಗೆ ಹೇಳ್ತೀನಿ. ದನಿ ಉಳಿಸ್ಕೊಂಡಿದೀನಿ."

ಬಸ್ಸಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಪ್ಪನ ಮಾತಿಗೆ ಎದುರಿಲ್ಲ. ಮೂವತ್ತು ವರ್ಷ ಸಿಟಿ ಬಸ್ಸಿನ ಕಚೇರಿಯಲ್ಲಿ ಕೂತು ವೇಳಾಪಟ್ಟಿ ಬರೆದವನು. ಅಡ್ಡಗೆರೆ, ಉದ್ದಗೆರೆ, ಕೆಂಪು ಪೆನ್ಸಿಲು, ನೀಲಿ ಪೆನ್ಸಿಲು. ಅಡುಗೆಮನೆಯಿಂದ ಅಮ್ಮ ಊಟಕ್ಕೆ ಬರುವುದು ಎರಡು ನಿಮಿಷ ತಡವಾದರೂ ನಿನ್ನ ಬಸ್ಸು ತಪ್ಪಿತು ಅನ್ನುತ್ತಿದ್ದ. ನಾನು ನಡೆದುಕೊಂಡೇ ಬರುತ್ತೇನೆ ಎಂದು ಅಮ್ಮ ತಿರುಗಿಸಿ ಕೊಡುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ನಿವೃತ್ತನಾಗುವ ಮುಂಚೆ ಬರೆದ ವಿಮಾನ ನಿಲ್ದಾಣದ ಬಸ್ಸಿನ ಪಟ್ಟಿ ಅವನ ಕೊನೆಯ ಕೆಲಸ. ಎಂಟೂವರೆಯ ವಿಮಾನಕ್ಕೆ ಒಂಬತ್ತರ ಬಸ್ಸು, ಇಳಿದು ಬರುವುದಕ್ಕೆ ಅರ್ಧ ಗಂಟೆ ಧಾರಾಳ ಎಂಬುದು ಅವನ ಲೆಕ್ಕ. ಬಸ್ಸಿಗೆಂದೇ ಬೇರೆ ದಾರಿ ಇತ್ತು. ಟ್ಯಾಕ್ಸಿಗಳು ಒಂದೂವರೆ ಗಂಟೆ ತೆವಳುವ ಕಡೆ ಬಸ್ಸು ಐವತ್ತು ನಿಮಿಷಕ್ಕೆ ಊರೊಳಗೆ, ಆಸ್ಪತ್ರೆಯ ಬಾಗಿಲಲ್ಲೇ. ಅದನ್ನು ಓಡಿಸುವವನು ನನ್ನ ತಮ್ಮ. ಇನ್ನೇನು ಬೇಕು ಎಂದು ನಾನೂ ನಂಬಿ ಕೂತೆ.

ವಿಮಾನ ಎಂಟೂವರೆಗೆ ಸರಿಯಾಗಿ ನೆಲ ಮುಟ್ಟಿತು. ಆಮೇಲೆ ಬಾಗಿಲು ತೆಗೆಯುವುದಕ್ಕೇ ಹತ್ತು ನಿಮಿಷ. ಪಾಸ್‌ಪೋರ್ಟ್ ನೋಡುವ ಕೌಂಟರುಗಳು ಎಂಟು, ಕೂತಿದ್ದವರು ಇಬ್ಬರು. ಅದರಲ್ಲಿ ಒಬ್ಬ ತನ್ನ ಕುರ್ಚಿಯ ಎತ್ತರ ಸರಿಮಾಡಿಕೊಳ್ಳುತ್ತಿದ್ದ. ಮುಂದಿದ್ದವರ ಕೈಕಾಲು ಹಿಡಿದು, ಇಬ್ಬರ ಕೈಲಿ ಬೈಸಿಕೊಂಡು ಆಚೆ ಬಂದರೆ ಸಾಮಾನಿನ ಬೆಲ್ಟು ಇನ್ನೂ ತಿರುಗಲು ಶುರುವಾಗಿರಲಿಲ್ಲ. ಹಾಳಾಗಿ ಹೋಗಲಿ ಎಂದು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟೆ.

ಹೊರಗೆ ಟ್ಯಾಕ್ಸಿ ಎಂದು ಆಳುದ್ದದ ಅಕ್ಷರ. ಬಾಡಿಗೆ ಕಾರು, ಹೋಟೆಲು, ಎಲ್ಲದಕ್ಕೂ ದೀಪ ಹಾಕಿದ ಬೋರ್ಡು. ಬಸ್ಸಿಗೆ ಅಂಗೈಯಗಲದ ಒಂದು ಚಿತ್ರ, ಅದೂ ಕಸದ ಡಬ್ಬಿಯ ಹಿಂದೆ. ಬಾಣದ ಗುರುತು ಹಿಡಿದು ಲಿಫ್ಟಿಗೆ ಹೋದೆ, ಲಿಫ್ಟು ಕೆಟ್ಟಿತ್ತು. ಮೆಟ್ಟಿಲಿಳಿದೆ. ಕಾರು ನಿಲ್ಲಿಸುವ ಜಾಗವನ್ನೆಲ್ಲ ಹಾದು ಹೋಗಬೇಕು. ಬಸ್ಸಿನಲ್ಲಿ ಹೋಗುವವರನ್ನು ಕಂಡರೆ ಇವರಿಗೇನು ಅಷ್ಟು ಅಸಹ್ಯವೋ. ಕೊನೆಯ ಕಂಬದ ಮರೆಯಿಂದ ಓಡಿ ಬಂದಾಗ ಬಸ್ಸು ಹೊರಡುತ್ತಿತ್ತು. ಒಳಗೆ ನಾಲ್ಕೇ ಜನ, ನಾಲ್ವರೂ ಅಲ್ಲೇ ಪಾಳಿ ಮುಗಿಸಿದ ಕೆಲಸದವರು. ಕೂಗಿದೆ. ತಮ್ಮ ಕನ್ನಡಿಯಲ್ಲಿ ನೋಡಿದ. ಬಸ್ಸು ಒಂದು ಕ್ಷಣ ನಿಧಾನವಾದಂತಾಯಿತು, ಮತ್ತೆ ಹೋಯಿತು.

ಟಿಕೆಟ್ ಕಿಟಕಿಯ ಹೆಂಗಸಿನ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅವಳು ಕ್ಯಾರೇ ಅನ್ನಲಿಲ್ಲ. ದಿನಾ ಯಾರಾದರೂ ಹೀಗೆ ಅರಚುತ್ತಾರೆ, ಈ ಬಸ್ಸು ಯಾವತ್ತೂ ವಿಮಾನದವರಿಗೆ ಸಿಕ್ಕಿದ್ದೇ ಇಲ್ಲ, ಹತ್ತು ಗಂಟೆಯದಕ್ಕೆ ಕೂತುಕೋ ಎಂದಳು. ಇಂಥ ಪಟ್ಟಿ ಬರೆದ ಮುಠ್ಠಾಳ ಯಾರು ಎಂದು ಕೇಳಿದೆ.

"ಯಾರೋ ಪುಣ್ಯಾತ್ಮ. ಜನ್ಮದಲ್ಲಿ ವಿಮಾನ ಹತ್ತಿರಲಿಕ್ಕಿಲ್ಲ" ಎಂದಳು.

ಹೌದು, ಅಪ್ಪ ವಿಮಾನ ಹತ್ತಿಲ್ಲ. ನೆಲ ಮುಟ್ಟಿದೊಡನೆ ಜನ ಬಸ್ಸಿನಿಂದ ಇಳಿದಂತೆ ಇಳಿದು ಬರುತ್ತಾರೆ ಎಂದುಕೊಂಡಿದ್ದಾನೆ. ವಾರ್ಡಿನ ಫೋನ್ ಯಾರೂ ಎತ್ತಲಿಲ್ಲ. ಕಲ್ಲು ಬೆಂಚಿನ ಮೇಲೆ ಒಂದು ಗಂಟೆ ಕೂತು ಅಪ್ಪನನ್ನು, ತಮ್ಮನನ್ನು, ಆ ಕುರ್ಚಿಯವನನ್ನು ಸರದಿಯ ಮೇಲೆ ಶಪಿಸಿದೆ.

ಆಸ್ಪತ್ರೆ ತಲುಪಿದಾಗ ಹತ್ತು ಐವತ್ತೈದು. ತಮ್ಮ ಸಮವಸ್ತ್ರದಲ್ಲೇ ಬೆಂಚಿನ ಮೇಲೆ ಕೂತಿದ್ದ. ಅಪ್ಪನನ್ನು ಒಳಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು. ನಾನು ಅವನ ಕಾಲರ್ ಹಿಡಿದೆ. ನಲವತ್ತು ದಾಟಿದ ಗಂಡಸು, ಬಿಡಿಸಿಕೊಳ್ಳಲಿಲ್ಲ.

"ದಿನಾ ಮನೆಗೆ ಹೋದ ತಕ್ಷಣ ಒಂದೇ ಮಾತು ಕೇಳ್ತಾನೆ, ಟೈಮಿಗೆ ಬಿಟ್ಟೆಯಾ ಅಂತ" ಎಂದ. "ಇವತ್ತೂ ಕೇಳ್ತಾನೆ ಅಂತ ಗೊತ್ತಿತ್ತು. ಇವತ್ತು ಇಲ್ಲ ಅನ್ನೋಕೆ ನನ್ನಿಂದ ಆಗ್ತಿರಲಿಲ್ಲ ಅಕ್ಕ."

"ಕೇಳಿದನಾ?"

"ಕೇಳಿದ. ಬಿಟ್ಟೆ ಅಂದೆ. ಹಾಗಾದ್ರೆ ಬಂದಿರ್ತಾಳೆ, ಹೊರಗೆ ಯಾಕೆ ನಿಲ್ಲಿಸಿದೀಯ, ಒಳಗೆ ಕರಿ ಅಂದ. ಅಷ್ಟರಲ್ಲಿ ತಳ್ಳಿಕೊಂಡು ಹೋದ್ರು."

ಅದೇ ಅಪ್ಪನ ಕೊನೆಯ ಮಾತು. ಅಷ್ಟು ದಿನ ಜೋಪಾನ ಮಾಡಿದ ದನಿಯನ್ನು ಅದಕ್ಕೆ ಖರ್ಚು ಮಾಡಿದ. ಬಸ್ಸು ಹೊರಟಿದೆ ಎಂದರೆ ಮಗಳು ಅದರಲ್ಲಿದ್ದೇ ಇರುತ್ತಾಳೆ. ಅವನ ಹಾಳೆಯಲ್ಲಿ ಹಾಗೇ ಇತ್ತು. ನಾನು ತಮ್ಮನ ಕೆನ್ನೆಗೆ ಒಂದು ಕೊಟ್ಟೆ. ನರ್ಸು ಬಂದು ಇಬ್ಬರನ್ನೂ ಗದರಿಸಿದಳು.

ಮೂರನೇ ದಿನ ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಗಂಟಲಲ್ಲಿ ಕೊಳವೆ, ತೊಡೆಯ ಮೇಲೆ ಸ್ಲೇಟು. ಏನೂ ಹೇಳಬೇಡ, ಒಂಬತ್ತರ ಬಸ್ಸಿಗೇ ಬಂದೆ ಅಂದುಬಿಡು ಎಂದು ತಮ್ಮ ದಾರಿಯುದ್ದಕ್ಕೂ ಬೇಡಿಕೊಂಡಿದ್ದ. ಅಪ್ಪ ನನ್ನನ್ನು ನೋಡಿ ನಕ್ಕ. ಎದುರಿಗೆ ಹೇಳುವುದಿದ್ದದ್ದನ್ನು ಬರೆಯುತ್ತಾನೆ ಎಂದುಕೊಂಡೆ. ಅವನು ಬರೆದದ್ದು: ಒಂಬತ್ತರ ಬಸ್ಸು ಆರಾಮವಾಗಿ ಸಿಕ್ಕಿತು ತಾನೇ?

ಸಿಟ್ಟು ನೆತ್ತಿಗೇರಿತು. ಮುದುಕ, ಕಾಯಿಲೆಯವನು, ಯಾವುದೂ ನೆನಪಾಗಲಿಲ್ಲ.

"ಸಿಗಲಿಲ್ಲ" ಎಂದೆ. "ಅರ್ಧ ಗಂಟೆಯಲ್ಲಿ ಯಾರಿಗೂ ಸಿಗಲ್ಲ. ಪೆಟ್ಟಿಗೆ ಬಿಟ್ಟು ಓಡಿದೆ, ಆದರೂ ಸಿಗಲಿಲ್ಲ. ಹನ್ನೊಂದು ವರ್ಷದಿಂದ ನಿನ್ನ ಬಸ್ಸು ಖಾಲಿ ಹೋಗ್ತಿದೆ. ಬೇಕಾದ್ರೆ ನಿನ್ನ ಮಗನ್ನೇ ಕೇಳು."

ಅಪ್ಪ ತಮ್ಮನ ಕಡೆ ತಿರುಗಿದ. ತಮ್ಮ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಹೌದು ಎಂದು ತಲೆ ಆಡಿಸಿದ. ಅಪ್ಪನ ಮುಖ ಕೆಂಪೇರಿತು, ಹಣೆಯ ನರ ಎದ್ದಿತು. ಚಿಕ್ಕಂದಿನಲ್ಲಿ ನಾವು ಶಾಲೆಗೆ ತಡವಾಗಿ ಹೊರಟಾಗ ಏಳುತ್ತಿದ್ದ ಅದೇ ನರ; ಅದರ ಹಿಂದೆಯೇ ಬೀದಿಗೆಲ್ಲ ಕೇಳುವ ಬೈಗುಳ ಬರುತ್ತಿತ್ತು. ಸ್ಲೇಟನ್ನು ಬದಿಗೆ ತಳ್ಳಿ, ಬೆರಳು ನನ್ನ ಮೂಗಿಗೇ ಹಿಡಿದು, ಅವನು ಬಾಯಿ ತೆರೆದ.

ನಾನು ಮಂಚದ ಕಂಬಿ ಹಿಡಿದು ಮುಂದಕ್ಕೆ ಬಾಗಿದೆ. ಬೈಗುಳವೇ ಆಗಲಿ, ಒಂದು ಸಲ ಕೇಳಿಸಲಿ ಎಂದು ಅವನ ಬಾಯಿಯ ಹತ್ತಿರ ಕಿವಿ ಒಡ್ಡಿಕೊಂಡು ನಿಂತೆ.