ತವುಡಿನ ಕೂಸು

ಕೆರಿಯಮ್ಮ ಕೂಸನ್ನು ಜಗಲಿಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು. ಸೊಂಟದಿಂದ ಒಂದು ಬಾಳೆನಾರು ಎಳೆದು ತೆಗೆದಳು. ಅದರ ತುದಿಯನ್ನು ಕೂಸಿನ ಹಿಮ್ಮಡಿಗೆ ಒತ್ತಿ ಹಿಡಿದು, ನೆತ್ತಿಯವರೆಗೆ ಬಿಗಿಯಾಗಿ ಎಳೆದು, ಸರಿಯಾಗಿ ಅಲ್ಲಿಗೆ ಒಂದು ಗಂಟು ಹಾಕಿದಳು. ಕೂಸಿಗೆ ಕಚಗುಳಿಯಾಗಿ ಕೇಕೆ ಹೊಡೆಯಿತು. ಕಾಫಿ ಲೋಟ ಹಿಡಿದು ಬರುತ್ತಿದ್ದ ವರದಾ ಬಾಗಿಲಲ್ಲೇ ನಿಂತಳು.

"ಅದೇನು ಅಳತೆ ಕೆರಿಯಮ್ಮಾ?"

ಕೆರಿಯಮ್ಮ ಬೆಚ್ಚಿದಳು. ನಾರನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಏನಿಲ್ಲ ಸಣ್ಣಮ್ಮಾ, ಸುಮ್ನೆ. ಎಷ್ಟುದ್ದ ಆಗೈತೆ ಅಂತ ನೋಡಿದ್ದು."

ಸುಮ್ಮನೆ ನೋಡುವವರು ಗಂಟು ಹಾಕುವುದಿಲ್ಲ ಎಂದು ವರದಾಗೆ ಅನ್ನಿಸಿತು. ಕೆರಿಯಮ್ಮನಿಗೆಂದೇ ಜಗಲಿಯ ಗೂಡಿನಲ್ಲಿ ಒಂದು ಲೋಟ ಇರುತ್ತಿತ್ತು. ಅದಕ್ಕೆ ಕಾಫಿ ಬಗ್ಗಿಸಿ ದೂರದಲ್ಲಿ ಇಟ್ಟಳು. ಕೆರಿಯಮ್ಮ ಕುಡಿದು, ಲೋಟ ತೊಳೆದು, ಎಂದಿನಂತೆ ಕವುಚಿಟ್ಟು, ಸಂತೆ ಬುಟ್ಟಿ ತಲೆಗೇರಿಸಿಕೊಂಡಳು. ಕೂಸು ಮೆಟ್ಟಿಲವರೆಗೆ ತಪ್ಪುಹೆಜ್ಜೆ ಇಡುತ್ತ ಹಿಂದೆ ಹೋಗಿ "ಅವ್ವಾ" ಎಂದು ಕೂಗಿತು. ಅದಕ್ಕೆ ಬರುತ್ತಿದ್ದುದೇ ಹತ್ತು ಮಾತು. ಅದರಲ್ಲಿ ವರದಾ 'ಆಯಿ', ಈ ಸಂತೆಯವಳು 'ಅವ್ವ'. ಕಲಿಸಿದವರು ಯಾರು ಎಂದು ಬೇರೆ ಕೇಳಬೇಕಾಗಿರಲಿಲ್ಲ.

ಕೆರಿಯಮ್ಮನಿಗೂ ಆ ಮನೆಗೂ ನಂಟಾದದ್ದೇ ಒಂದು ವಿಚಿತ್ರ. ವರದಾಳ ಮೊದಲಿನ ಎರಡು ಮಕ್ಕಳೂ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಈ ಮೂರನೆಯದು ಹುಟ್ಟಿದ್ದು ಸಾಗರದ ಈ ಬಾಡಿಗೆ ಮನೆಯಲ್ಲಿ, ಒಂದು ಗುರುವಾರ. ಬಾಣಂತನಕ್ಕೆಂದು ಹೊಸನಗರದ ಕಡೆಯಿಂದ ಬಂದಿದ್ದ ಅತ್ತೆ, ಕೂಸಿನ ಅಳು ಕೇಳಿದ್ದೇ ಬೀದಿಗೆ ಇಳಿದರು. ಸಂತೆ ಮುಗಿಸಿ ಹೋಗುತ್ತಿದ್ದ ಹೆಂಗಸನ್ನು ನಿಲ್ಲಿಸಿ, "ನಿಂಗೆ ಮಕ್ಕಳೆಷ್ಟೇ?" ಎಂದು ಕೇಳಿದರು. "ಏಳು, ಅಮ್ಮಾ." "ಎಲ್ಲ ಗಟ್ಟಿ ಇದಾವಾ?" "ಕಲ್ಲುಗುಂಡು." "ಹಂಗಾದ್ರೆ ಇದನ್ನೂ ಕೊಂಡ್ಕ."

ಹುಟ್ಟಿದ್ದು ಉಳಿಯದ ಮನೆಗಳಲ್ಲಿ ಮಗುವನ್ನು ತವುಡಿಗೆ ಮಾರುವುದು ಹಳೆಯ ಪದ್ಧತಿ. ಬೆಲೆ ತವುಡು, ಅಂಥ ಅಗ್ಗದ ಜೀವದ ಮೇಲೆ ಯಾರೂ ಕಣ್ಣು ಹಾಕುವುದಿಲ್ಲವೆಂಬ ಲೆಕ್ಕಾಚಾರ. ಎಮ್ಮೆಗೆಂದು ಮಿಲ್ಲಿನಿಂದ ಒಯ್ಯುತ್ತಿದ್ದ ತವುಡಿನಲ್ಲೇ ಕೆರಿಯಮ್ಮ ಒಂದು ಸೇರು ಅಳೆದು ಕೊಟ್ಟಳು. ಕೂಸನ್ನು ಸೆರಗಿನಲ್ಲಿ ತೆಗೆದುಕೊಂಡು, ಸಾಕಲು ಎಂದು ಮತ್ತೆ ವರದಾಳ ಮಡಿಲಿಗೇ ಹಾಕಿದಳು. "ಮೂರು ದೀಪಾವಳಿ ಕಳೀಬೇಕು," ಎಂದು ಅತ್ತೆ ಸೊಸೆಗೆ ಕಟ್ಟುನಿಟ್ಟು ಮಾಡಿದ್ದರು. "ಅಷ್ಟು ತನಕ ನಿನ್ನ ಕೂಸು ಅಂತ ಬಾಯಲ್ಲಿ ಹೇಳಡ. ಆಮೇಲೆ ಒಂದು ಸೇರು ತವುಡು ಕೊಟ್ಟು ಬಿಡಿಸಿಕೊಂಡ್ರಾತು." ಎರಡು ದೀಪಾವಳಿ ಕಳೆದಿದ್ದವು. ಅನ್ನಪೂರ್ಣೇಶ್ವರಿ ಎಂಬ ಉದ್ದದ ಹೆಸರಿದ್ದ ಕೂಸು ಕೆರಿಯಮ್ಮನ ಬಾಯಲ್ಲಿ 'ತವುಡಿ'ಯಾಗಿ, ಗುರುವಾರ ಗುರುವಾರಕ್ಕೂ ಒಂದು ಮುಷ್ಟಿ ನೆಲ್ಲಿಕಾಯಿಯೋ ಎರಡು ಎಳೆಸೌತೆಯೋ ಪಡೆಯುತ್ತ ಗುಂಡಗುಂಡಗೆ ಬೆಳೆದಿತ್ತು.

ಅನುಮಾನವೆಂಬುದು ಹಲಸಿನ ಮೇಣದ ಹಾಗೆ. ಒರೆಸಿದಷ್ಟೂ ಇನ್ನೊಂದು ಬೆರಳಿಗೆ ಅಂಟುತ್ತದೆ. ಆ ಸಂಜೆ ವರದಾ ಕೂಸನ್ನು ದೀಪದ ಹತ್ತಿರ ಕೂರಿಸಿಕೊಂಡು ಕೂದಲು ಕತ್ತರಿಸಿದೆಯೇ ಎಂದು ನೋಡಿದಳು, ಉಗುರು ನೋಡಿದಳು. ಲಂಗದ ಲಾಡಿ ಕಾಣಲಿಲ್ಲ. ಬಾಳೆನಾರು, ಲಾಡಿ, ಮಾಟ ಮಾಡಲು ಇನ್ನೇನು ಉಳಿಯಿತು? ಹತ್ತು ನಿಮಿಷ ಹುಡುಕಿದ ಮೇಲೆ ಲಾಡಿ ಸಿಕ್ಕಿದ್ದು ಕೂಸಿನ ದವಡೆಯಲ್ಲಿ. ಬೆರಳು ಹಾಕಿ ತೆಗೆಯಲು ಹೋದವಳಿಗೆ ನಾಲ್ಕು ಹಲ್ಲಿನ ಗುರುತೂ ಸಿಕ್ಕಿತು.

ಮೂರು ದಿನ ಕಳೆದ ಮೇಲೆ ಪಕ್ಕದ ಮನೆಯ ಜಲಜಮ್ಮ ಹಪ್ಪಳದ ಹಿಟ್ಟು ಕುಟ್ಟುತ್ತ ಮಾತು ತೆಗೆದರು. ತೀರ್ಥಹಳ್ಳಿಯ ಕಡೆಯವರು, ಯಾವ ಸುದ್ದಿಯನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾರದವರು. ಅವರ ಗಂಡ ಸುಬ್ಬರಾಯರು ಮುಳುಗಡೆ ಆಫೀಸಿನಲ್ಲಿ ಗುಮಾಸ್ತರು. ಲಿಂಗನಮಕ್ಕಿಯಲ್ಲಿ ಕಟ್ಟೆ ಏಳುತ್ತಿತ್ತು. ನೀರು ನಿಲ್ಲುವ ಊರುಗಳ ಪಟ್ಟಿಯೆಲ್ಲ ಅವರ ಕೈಯನ್ನೇ ದಾಟಿ ಹೋಗಬೇಕು.

"ನಿಮ್ಮನೆಗೆ ಬರ್ತಾಳಲ್ಲ ವರದಾ, ಆ ಕೆರಿಯಮ್ಮ, ಅವಳ ಗಂಡ ದುಗ್ಗಪ್ಪ ತಾನೆ?"

"ಹೌದು, ಯಾಕೆ?"

"ಅವಳಿಗೆ ಮಕ್ಕಳೆಷ್ಟು?"

"ಏಳು."

"ಅವರ ಊರಿನ ಮುಳುಗಡೆ ಪಟ್ಟೀಲಿ ಎಂಟಿದೆಯಂತೆ ಮಾರಾಯ್ತಿ. ಎಂಟನೇದು ತವುಡಮ್ಮ, ಹೆಣ್ಣು, ವಯಸ್ಸು ಎರಡು." ಜಲಜಮ್ಮ ಒನಕೆ ನಿಲ್ಲಿಸಿದರು. "ತಲೆ ಹೆಚ್ಚಿದ್ದಷ್ಟೂ ಜಮೀನು ಹೆಚ್ಚು ಸಿಗತ್ತೆ ಅಂತ ಜನ ಆಡ್ಕೋತಾರಪ್ಪ. ನಂಗೇನು ಗೊತ್ತು? ನಾಳೆ ಸರ್ಕಾರದೋರು ತಲೆ ಎಣಿಸಿ ಲಾರಿ ಹತ್ತಿಸೋವಾಗ ಎಂಟನೇ ತಲೆ ಎಲ್ಲಿ ಅಂದ್ರೆ ಎಲ್ಲಿಂದ ತರ್ತಾಳೆ? ನೋಡ್ಕೋ, ನಾನಂತೂ ಹೇಳಿದೀನಿ."

ವರದಾ ಹಿಟ್ಟಿನ ಕೈ ಒರೆಸಿಕೊಂಡು ಕೂಸನ್ನು ಎತ್ತಿಕೊಂಡಳು.

ಅವಳ ಗಂಡ ಗಜಾನನ ಪ್ರೈಮರಿ ಶಾಲೆಯ ಮೇಷ್ಟ್ರು. ಊಟಕ್ಕೆ ಕೂತವನ ಮುಂದೆ ಎಲ್ಲವನ್ನೂ ಸುರಿದಳು. ಅವನು ನಕ್ಕ. "ನೀ ಎಂತಕ್ಕೆ ಹೆದರ್ತೆ? ತವುಡು ಕೊಟ್ಟು ತಗಂಡಿದ್ದಕ್ಕೆ ಯಾವ ಕಾನೂನೂ ಇಲ್ಲೆ."

"ಕಾನೂನು ಇಲ್ಲೆ, ಸರಿ. ಆದ್ರೆ ಅಳತೆ ಎಂತಕ್ಕೆ ತಗಂಡಿದ್ದು? ಗಂಟು ಎಂತಕ್ಕೆ ಹಾಕಿದ್ದು?"

"ಅಂಗಿ ಹೊಲಿಸಲಿಕ್ಕಿರ್ತು."

"ಅಂಗಿಗೆ ನೆತ್ತಿಯಿಂದ ಹಿಮ್ಮಡಿವರೆಗೆ ಅಳೀತ್ವಾ? ಅದು ಅಂಗಿಯೋ, ಗೋಣಿಚೀಲವೋ?"

ಕೂಸು ಗಜಾನನನ ತಟ್ಟೆಯ ಹಪ್ಪಳ ಎತ್ತಿಕೊಂಡು ಅದರಲ್ಲಿ ಅವನ ಮುಖಕ್ಕೇ ಗಾಳಿ ಹಾಕತೊಡಗಿತು.

ಗುರುವಾರ ಬೆಳಿಗ್ಗೆಯೇ ವರದಾ ಮಿಲ್ಲಿಗೆ ಹೋಗಿ ಒಂದು ಸೇರು ತವುಡು ತಂದಳು. ಮೊರದಂಥ ಗೆರಸಿಯಲ್ಲಿ ಹಾಕಿ ಜಗಲಿಯ ನಡುವೆ ಇಟ್ಟಳು. ಕೆರಿಯಮ್ಮ ಬಂದವಳೇ, ಕೂಸನ್ನು ಮುಟ್ಟುವ ಮೊದಲು ತಣ್ಣಗಿದ್ದ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಂಡಳು. ಯಾವಾಗಲೂ ಹಾಗೆಯೇ ಮಾಡುತ್ತಿದ್ದಳು. ವರದಾ ಅದನ್ನು ನೋಡಿದ್ದು ಆವತ್ತೇ ಮೊದಲು. ನೋಡಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಎಮ್ಮೆ ಕಟ್ಟಿದ್ರಾ ಸಣ್ಣಮ್ಮಾ? ತವುಡು ಐತೆ."

"ಎಮ್ಮೆಗಲ್ಲ. ನಿಂಗೆ. ನಿನ್ನ ಸೇರು ನಿಂಗೆ ವಾಪಸ್ಸು. ತಗೊಂಡು ಹೋಗು, ಇವತ್ತಿಗೆ ಮುಗೀಲಿ."

ಕೆರಿಯಮ್ಮ ಕೆಂಡ ಕಂಡಂತೆ ಹಿಂದೆ ಸರಿದಳು. "ಎಂಥ ಮಾತು! ಇನ್ನೊಂದು ದೀಪಾವಳಿ ಐತಲ್ಲ."

"ಪಟ್ಟೀಲಿ ಬರೆಸೋವಾಗ ದೀಪಾವಳಿ ನೆನಪಾಗ್ಲಿಲ್ವಾ?"

ಕೆರಿಯಮ್ಮ ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಳಿತಳು. ಇಲ್ಲವೆನ್ನುತ್ತಾಳೆಂದು ವರದಾ ಕಾದಿದ್ದಳು. ಇಲ್ಲವೆಂದಿದ್ದರೆ ಜಗಳ ಸುಲಭವಾಗುತ್ತಿತ್ತು.

"ನಾನೇ ಬರೆಸಿದ್ದು," ಎಂದಳು ಕೆರಿಯಮ್ಮ. "ಸಾಹೇಬ್ರು ಅಂಗಳದಲ್ಲಿ ಕುರ್ಚಿ ಹಾಕ್ಸಿ ಕೂತಿದ್ರು. ಊರೆಲ್ಲ ನಿಂತಿತ್ತು. ಮಕ್ಕಳೆಷ್ಟು ಅಂತ ಕೂಗಿ ಕೇಳಿದ್ರು. ಇವ್ರು ಏಳು ಅಂದ್ರು. ನಂಗೆ ಜೀವ ಹಾರ್ತು. ಒಳಗಿಂದ ಓಡಿಬಂದು ಎಂಟು ಅಂದೆ."

"ಯಾಕೆ ಅನ್ಬೇಕಿತ್ತು?"

"ಮತ್ತೆ? ನಡುಮಧ್ಯಾಹ್ನ, ಅಷ್ಟು ಜನದ ಎದುರಿಗೆ, ನಂದಲ್ಲ ಅಂದುಬಿಡ್ಲಾ? ಕೇಳಿಸ್ಕೊಂಡ್ರೆ?"

"ಯಾರು ಕೇಳಿಸ್ಕೊಳ್ಳೋದು?"

ಕೆರಿಯಮ್ಮ ದನಿ ತಗ್ಗಿಸಿ ದಕ್ಷಿಣದ ಕಡೆಗೆ ಗದ್ದ ತೋರಿಸಿದಳು. "ಎರಡು ಸಲ ನಿಮ್ಮನೆಗೆ ಬಂದು ಹೋದೋರು."

ವರದಾ ಆ ಕಡೆಗೊಮ್ಮೆ ತಿರುಗಿ ನೋಡಿದಳು.

"ಸಾಹೇಬ್ರು ಜೀಪು ಹತ್ತಿದ ಮೇಲೆ ಹಿಂದೇನೇ ಓಡಿ ಹೋಗಿ ಮೆಲ್ಲಗೆ ಹೇಳಿದೀನಿ. ಅಯ್ಯಾ, ಆ ಒಂದು ಹೆಸರಿಗೆ ಏನೂ ಕೊಡಬ್ಯಾಡಿ, ಹೆಸರು ಮಾತ್ರ ಇರ್ಲಿ ಅಂತ. ಹುಚ್ಚಿ ಅಂದು ನಕ್ರು. ನಂಬೋದಾದ್ರೆ ನಂಬಿ, ಬಿಡೋದಾದ್ರೆ ಬಿಡಿ. ತವುಡು ಮಾತ್ರ ಮುಟ್ಟಲ್ಲ."

"ನಾನು ನಂಬಲ್ಲ," ಎಂದು ವರದಾ ಬಾಗಿ ಗೆರಸಿಗೆ ಕೈ ಹಾಕಿದಳು. ಗೆರಸಿ ಅಲ್ಲಿರಲಿಲ್ಲ. ಇಬ್ಬರು ತಾಯಂದಿರೂ ವ್ಯವಹಾರದಲ್ಲಿ ಮುಳುಗಿದ್ದಾಗ ಕೂಸು ಅದನ್ನು ಮೂಲೆಗೆ ಎಳೆದುಕೊಂಡು ಹೋಗಿ, ಸ್ನಾನದ ನೆನಪಾಯಿತೋ ಏನೋ, ಎರಡೂ ಕೈಯಲ್ಲಿ ಬಾಚಿ ಬಾಚಿ ತಲೆಯ ಮೇಲೆ ಹೊಯ್ದುಕೊಳ್ಳುತ್ತಿತ್ತು. ಹುಬ್ಬು, ಕಿವಿ, ಕತ್ತಿನ ಮಡಿಕೆ ಎಲ್ಲ ತವುಡು. ಬಾಯಲ್ಲೂ ಅಷ್ಟು. ಇಬ್ಬರೂ ತನ್ನನ್ನೇ ನೋಡುತ್ತಿರುವುದು ಕಂಡು ಉಳಿದದ್ದನ್ನು ಒಮ್ಮೆಗೇ ಸುರಿದುಕೊಂಡು ಸೀನಿತು.

"ಮಾಲೇ ಬೆಲೆ ಚೆಲ್ಲಿಬಿಡ್ತು," ಎಂದಳು ಕೆರಿಯಮ್ಮ. "ಯಾಪಾರ ಮುರೀತು, ಸಣ್ಣಮ್ಮಾ."

ವರದಾ ನಗಬಾರದೆಂದು ತುಟಿ ಕಚ್ಚಿಕೊಂಡಳು. ಕೂಸಿನ ಹತ್ತಿರ ಮೊದಲು ಹೋದದ್ದು ಕೆರಿಯಮ್ಮ. ಕೈಯಿಂದ ಒರೆಸಲಿಲ್ಲ. ಮೊಣಕಾಲೂರಿ ಕುಳಿತು, ಒಂದೊಂದೇ ರೆಪ್ಪೆಯ ಮೇಲೆ ಹಗುರವಾಗಿ ಊದಿ, ಕಣ್ಣಿಗೆ ಬೀಳದಂತೆ ತವುಡು ಹಾರಿಸಿದಳು.

ಆದರೂ ವರದಾ ಗಂಡನನ್ನು ಸುಬ್ಬರಾಯರ ಹತ್ತಿರ ಕಳಿಸದೆ ಬಿಡಲಿಲ್ಲ. ಅವನು ಎರಡು ದಿನ ತಡಮಾಡಿ, ಮುಜುಗರಪಟ್ಟು, ಕೊನೆಗೆ ಕೇಳಿಕೊಂಡು ಬಂದ. "ಆ ಹೆಸರಿನ ಎದುರಿಗೆ ಸಾಹೇಬ್ರು ಪೆನ್ಸಿಲ್ಲಲ್ಲಿ ಅಡ್ಡಗೆರೆ ಎಳೆದಿದ್ವಡ. ಯಾವುದಕ್ಕೂ ಸೇರಿಸಬೇಡಿ ಹೇಳಿ ಬರೆದಿದ್ವಡ. ಸುಬ್ಬರಾಯರು ಹೆಂಡತಿಗೆ ಇಷ್ಟು ಹೇಳಲ್ಲೆ, ಅಷ್ಟೇ."

ಪಟ್ಟಿಯ ಮಾತು ಅಲ್ಲಿಗೆ ಮುಗಿಯಿತು. ಬಾಳೆನಾರಿನ ಮಾತು ಮುಗಿಯಲಿಲ್ಲ. ಕೇಳಲು ಈಗ ವರದಾಗೆ ನಾಚಿಕೆ. ಕೇಳದೆ ಇರಲು ಭಯ. ಮುಂದಿನ ಗುರುವಾರ ಕೆರಿಯಮ್ಮ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಕೂಸು ಮೆಟ್ಟಿಲ ಮೇಲೆ ಕೂತು ಬುಟ್ಟಿ ಹೊತ್ತ ಪ್ರತಿಯೊಬ್ಬಳನ್ನೂ "ಅವ್ವಾ" ಎಂದು ಕರೆದು, ಮುಖ ನೋಡಿ, ತುಟಿ ಉಬ್ಬಿಸುತ್ತಿತ್ತು. ಸಾಮಾನು ಕಟ್ಟುವ ಗಡಿಬಿಡಿ ಇರಬೇಕು ಎಂದ ಗಜಾನನ. ನಾರು ಎಲ್ಲಿ ಹೂತಿಟ್ಟಳೋ ಎಂದುಕೊಂಡಳು ವರದಾ. ಹಾಗೆ ಅಂದುಕೊಂಡ ದಿನವೇ ಗೂಡಿನಲ್ಲಿದ್ದ ಲೋಟದ ಧೂಳು ಒರೆಸಿ ಇಟ್ಟಳು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮನೆಯ ಮುಂದೆ ಲಾರಿ ನಿಂತಿತು. ಬಾಗಿಲ ರೆಕ್ಕೆಗಳು, ಹೆಂಚು, ಒರಳು, ಕಟ್ಟಿಹಾಕಿದ ಕೋಳಿ, ಅವುಗಳ ನಡುವೆ ಏಳು ಮಕ್ಕಳು. ದುಗ್ಗಪ್ಪ ಹಗ್ಗ ಬಿಗಿಯುತ್ತಿದ್ದ. ಶಿಕಾರಿಪುರದ ಆಚೆ ಎಲ್ಲೋ ಕಾಡು ಕಡಿದು ಜಾಗ ಕೊಟ್ಟಿದ್ದಾರಂತೆ. ಕೆರಿಯಮ್ಮ ಲಾರಿಯ ಮೇಲಿನಿಂದಲೇ ಅಂಗೈ ಉಜ್ಜಿಕೊಂಡು ಕೈ ಚಾಚಿದಳು. ವರದಾ ಒಂದು ಗಳಿಗೆ ಅನುಮಾನಿಸಿ, ಕೂಸನ್ನು ಎತ್ತಿ ಕೊಟ್ಟಳು. ಏಳು ಮಕ್ಕಳೂ ಮುತ್ತಿಕೊಂಡವು. ಒಬ್ಬ ಬೆಲ್ಲ ತಿನ್ನಿಸಿದ, ಒಬ್ಬಳು ಮೂಗು ಹಿಂಡಿದಳು.

ಕೂಸಿನ ಮೇಲೆ ಕಣ್ಣಿಟ್ಟು ಲಾರಿಯ ಹಿಂಭಾಗಕ್ಕೆ ಬಂದ ವರದಾ ಅಲ್ಲಿ ನಿಂತಳು. ಹೊರಗೆ ಚಾಚಿಕೊಂಡಿದ್ದುದು ಒಂದು ಮನೆಗಂಬದ ಬುಡ. ಹೊಗೆ ಹಿಡಿದು ಕಪ್ಪಾದ ಹಲಸಿನ ಮರ. ಅದರ ಮೈಮೇಲೆ ಮೇಲಿನಿಂದ ಕೆಳಗಿನವರೆಗೆ ಸುಣ್ಣದ ಗೀಟುಗಳು, ಒಂದರ ಕೆಳಗೊಂದು.

"ಮಕ್ಕಳ ಅಳತೆ, ಅಮ್ಮಾ," ಎಂದ ದುಗ್ಗಪ್ಪ, ಹಗ್ಗ ಬಿಡದೆ. "ಬೇರೆ ಏನು ಬಿಟ್ರೂ ಇದೊಂದು ಬಿಡಲ್ಲ ಅಂತ ಹಟ. ನಾಕು ಜನ ಹೊತ್ತು ಹಾಕಿದ್ವಿ. ಇದು ದೊಡ್ಡೋಂದು, ಇದು ಪುಟ್ಟಪ್ಪಂದು, ಇದು ಮಾಸ್ತಿದು..."

ಎಲ್ಲಕ್ಕಿಂತ ಕೆಳಗಿನದನ್ನು ಅವನು ಹೇಳಲಿಲ್ಲ. ಅದು ಹೊಸ ಸುಣ್ಣ, ಇನ್ನೂ ಬೆಳ್ಳಗಿತ್ತು. ಅಲ್ಲಿ ಒಣಗಿದ ಬಾಳೆನಾರೊಂದು ಕಂಬಕ್ಕೆ ಸುತ್ತಿಕೊಂಡಿತ್ತು.

ಡ್ರೈವರು ಹಾರನ್ ಒತ್ತಿ ಕಿಟಕಿಯಿಂದ ತಲೆ ಹೊರಹಾಕಿದ. "ಬೇಗ ಬೇಗ! ಆ ಸಣ್ಣ ಮಗು ಯಾರ್ದು? ಬರತ್ತಾ, ಇಳಿಯತ್ತಾ?"

ಕೆರಿಯಮ್ಮ ಬಾಯಿ ತೆರೆದು, ವರದಾಳ ಮುಖ ನೋಡಿ, ಸುಮ್ಮನಾದಳು. ಬೀದಿಯಲ್ಲಿ ಜನ ಸೇರಿದ್ದರು. ಜಲಜಮ್ಮ ಬಾಗಿಲಿಗೆ ಬಂದಿದ್ದರು.

"ಅವಳ್ದೇ," ಎಂದು ವರದಾ ಎಲ್ಲರಿಗೂ ಕೇಳುವಂತೆ ಹೇಳಿದಳು. "ದೀಪಾವಳಿವರೆಗೆ ನನ್ನ ಹತ್ರ ಇರತ್ತೆ."

ಕೆರಿಯಮ್ಮ ಕೂಸನ್ನು ಇಳಿಸಿ ಕೊಟ್ಟಳು. ಅದರ ಕೆನ್ನೆಯ ಬೆಲ್ಲ ವರದಾಳ ಕುತ್ತಿಗೆಗೆ ಅಂಟಿತು. ಲಾರಿ ಹೊರಟಿತು. ಕೋಳಿಗಳು ಕೂಗಿದವು. ಕೆಮ್ಮಣ್ಣಿನ ಧೂಳಿನಲ್ಲಿ ಮೊದಲು ಮಕ್ಕಳು ಮರೆಯಾದರು, ಆಮೇಲೆ ಕೆರಿಯಮ್ಮನ ಕೈ. ಕಂಬದ ಬುಡ ಮಾತ್ರ ತುಸು ಹೊತ್ತು ಕುಲುಕುತ್ತ ಕಾಣುತ್ತಿತ್ತು, ಅದರ ತುದಿಯಲ್ಲಿ ಆ ಬಿಳಿಯ ಗೀಟು.