ಮೂರನೆಯ ಕಾಲಂ

"ಹೇಳಮ್ಮಾ, ಈ ಯಜಮಾನರಿಗೆ ಗದ್ಗದ ಕಂಠ ಎಲ್ಲಿಂದ ಬಂತು?"

ಮೇಡಂ ಕೆಂಪು ಪೆನ್ನನ್ನು ಪುಟದ ಮೇಲೆ ಊರಿ ಕೇಳಿದರು. ಅದು ಅಂತಿಂಥ ಪೆನ್ನಲ್ಲ. ಸಮಾಜಕಾರ್ಯ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅದು ಹರಿಸಿದ ಶಾಯಿಯನ್ನೆಲ್ಲ ಒಂದು ಕಡೆ ನಿಲ್ಲಿಸಿದ್ದರೆ ಹಡಗು ತೇಲಿಸಬಹುದಿತ್ತು. ದಡದಲ್ಲಿ ಕೂತು ಅಳುವ ವಿದ್ಯಾರ್ಥಿಗಳಿಗೂ ಬರವಿರುತ್ತಿರಲಿಲ್ಲ. ಈಗ ಎದುರಿಗೆ ನಿಂತ ಹುಡುಗಿ ಮಾತ್ರ ಅಳುವ ಪೈಕಿಯಲ್ಲ. ತರಗತಿಯಲ್ಲಿ ಅವಳಿಗೆ ಮಂಜುಗಡ್ಡೆ ಎಂದು ಹೆಸರು. ಸಾವಿನ ಮನೆಯವರ ಜೊತೆ ಮಾತಾಡುವುದು ಹೇಗೆ ಎಂದು ನಟಿಸಿ ಕಲಿತ ದಿನ ಗೋಡೆಯ ಗಡಿಯಾರ ಕೂಡ ಕಣ್ಣೊರೆಸಿಕೊಂಡಿತ್ತು. ಇವಳು ಕಿಟಕಿಯಾಚೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡುವುದನ್ನು ನೋಡುತ್ತಿದ್ದಳು.

"'ಅವರ ಗದ್ಗದ ಕಂಠ ಕೇಳಿ ನನ್ನ ಕರುಳು ಕಿತ್ತು ಬಂದಂತಾಯಿತು,'" ಎಂದು ಮೇಡಂ ಓದಿದರು. "ಆಹಾ! ಆದ್ರೆ ಅವರ ಧ್ವನಿಪೆಟ್ಟಿಗೆನೇ ಆಪರೇಷನ್ ಮಾಡಿ ತೆಗೆದಾಗಿದೆಯಲ್ಲ. ಅದಕ್ಕೇ ತಾನೆ ಆಸ್ಪತ್ರೆಯವರು ನಿನ್ನನ್ನ ಅವರ ಮನೆಗೆ ಕಳಿಸ್ತಿರೋದು? ನೀನು ಹೋಗಿದ್ದಾದ್ರೂ ನಿಜಾನಾ?"

"ಹೋಗಿದೀನಿ ಮೇಡಂ. ಒಂದು ಸಲಾನೂ ತಪ್ಪಿಸಿಲ್ಲ. ಮೊದಲೆರಡು ಕಾಲಂ ನಿಜ."

"ಮೂರನೇದು?"

"ಸೀನಿಯರ್ ಅಕ್ಕನ ಫೈಲಿಂದು."

ಮನೆಭೇಟಿಯ ವರದಿಗೆ ಮೂರು ಕಾಲಂ. ಏನು ನಡೆಯಿತು ಎಂಬುದು ಮೊದಲನೆಯದು, ಯಾರು ಏನು ಹೇಳಿದರು ಎಂಬುದು ಎರಡನೆಯದು. ಇವೆರಡನ್ನು ಅವಳಷ್ಟು ಕರಾರುವಾಕ್ಕಾಗಿ ತುಂಬುವವರು ಭೂಮಿಯ ಮೇಲೆ ಹುಟ್ಟಿಲ್ಲ; ಕೋಣೆಯಲ್ಲಿ ನೊಣ ಬಂದರೆ ಅದು ಎಲ್ಲೆಲ್ಲಿ ಎಷ್ಟು ಹೊತ್ತು ಕೂತಿತು ಎಂಬುದೂ ದಾಖಲಾಗುತ್ತಿತ್ತು. ಮೂರನೆಯದರ ಶಿರೋನಾಮೆ 'ಆಗ ನನಗೆ ಅನ್ನಿಸಿದ್ದು'. ಅದು ಹತ್ತೊಂಬತ್ತು ವರದಿಗಳಲ್ಲೂ ಖಾಲಿ. ಮೇಡಂ ಬೈದು, ನಿಟ್ಟುಸಿರಿಟ್ಟು, ಹತ್ತೊಂಬತ್ತಕ್ಕೂ ಸಹಿ ಹಾಕಿದ್ದರು. ಇಪ್ಪತ್ತನೆಯದಕ್ಕೆ ಮಾತ್ರ ಆ ಕಾಲಂ ತುಂಬದೆ ಹಾಕಲಾರೆ ಎಂದಿದ್ದರು. ಪಕ್ಕದ ಬೆಂಚಿನ ಮಾತಿನಮಲ್ಲಿ, "ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೋತೀಯೆ, ಈ ಫೈಲಲ್ಲಿ ಕಣ್ಣೀರು ಬಕೆಟ್‌ಗಟ್ಟಲೆ ಇದೆ, ನಿಂಗೆ ಬೇಕಾದಷ್ಟು ಮೊಗೆದ್ಕೋ" ಎಂದು ಹಳೆಯ ಫೈಲು ತಂದುಕೊಟ್ಟಿದ್ದಳು. ಇವಳು ಮೊಗೆದುಕೊಂಡಳು. ಯಾರ ಕಣ್ಣೀರು ಎಂದು ನೋಡಲಿಲ್ಲ.

"ಶನಿವಾರ ಕೊನೇ ದಿನ," ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಇಪ್ಪತ್ತು ಸಹಿ ಇಲ್ದೆ ಪರೀಕ್ಷೆಗೆ ಕೂರಿಸಲ್ಲ. ಹೋದ ವರ್ಷ ಅಮ್ಮ ಹೋದಾಗ ಅರ್ಧಕ್ಕೇ ಬಿಟ್ಟೆ, ನಾನೇ ಓಡಾಡಿ ಮತ್ತೆ ಸೇರಿಸಿದೆ. ಮೂರನೇ ಸಲ ಬ್ರಹ್ಮ ಬಂದು ಅರ್ಜಿ ಹಾಕಿದ್ರೂ ಸೇರಿಸಲ್ಲ. ನಾಳೆ ಇನ್ನೊಂದು ಸಲ ಹೋಗು. ಒಂದೇ ಸಾಲು ಸಾಕು, ನಿಂದೇ ಆಗಿರ್ಲಿ."

"ಆಯ್ತು ಮೇಡಂ" ಎಂದಳು, ಬಸ್ಸಿನಲ್ಲಿ ಸ್ವಲ್ಪ ಸರಿಯಿರಿ ಎಂದವರಿಗೆ ಸರಿದು ಕೊಡುವಂತೆ.

ಮನೆಯಲ್ಲಿ ಅಪ್ಪ ಹೊಲಿಗೆ ಯಂತ್ರದ ಮುಂದೆ ಇದ್ದರು. ಅವರು ಹೊಲಿದ ಕಾಲರುಗಳನ್ನು ಸಾಲಾಗಿ ಜೋಡಿಸಿದರೆ ಚಂದ್ರನಿಗೆ ಹೋಗಿ ಬರಬಹುದು. ಈ ಒಂದು ವರ್ಷದಲ್ಲೇ ಹೋಗುವ ದಾರಿ ಮುಗಿದಿತ್ತು. ಅಮ್ಮ ತೀರಿದ ದಿನವೂ ಅವರು ಸಂಜೆ ಯಂತ್ರಕ್ಕೆ ಎಣ್ಣೆ ಬಿಟ್ಟಿದ್ದರು. ಮಗಳು ಪಾತ್ರೆಗಳನ್ನೆಲ್ಲ ತೊಳೆದು, ಫ್ರಿಜ್ಜಿನ ಐಸು ಕರಗಿಸಿ ಒರೆಸಿಟ್ಟಿದ್ದಳು. ಇವತ್ತೂ ಗಡಿಯಾರ ಎಂಟು ಹೊಡೆದ ಮೇಲೆ ಇಬ್ಬರೂ ಎದುರುಬದುರು ಕೂತು ಬ್ರೆಡ್ಡು ಅಗಿದರು.

"ಅಪ್ಪಾ, ನಿಮಗೆ ಹಸಿವಾಗುತ್ತಾ?"

"ಎಂಟು ಗಂಟೆ ಆಗುತ್ತಲ್ಲ ಪುಟ್ಟೀ," ಅಂದರು ಅಪ್ಪ, "ತಿಂತೀನಿ."

ಮರುದಿನ ಅವಳು ಮೂರನೇ ಮಹಡಿ ಹತ್ತಿದಳು. ಆ ಮೆಟ್ಟಿಲುಗಳು ಕಡಿಮೆಯೆಂದರೆ ಮುನ್ನೂರು. ಅವಳ ವರದಿಗಳಲ್ಲಿ ನಲವತ್ತೆರಡು. ಮೇಲಿನ ಒಂಟಿ ಕೋಣೆಯಲ್ಲಿದ್ದವರು ಅನೌನ್ಸರ್ ತಾತ. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಬಸ್ಸುಗಳ ಹೊತ್ತನ್ನು ಕೂಗಿದವರು. ಈಗ ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ, ತೊಡೆಯ ಮೇಲೆ ಮಕ್ಕಳ ಸ್ಲೇಟು. ಗಂಟಲಿಗೆ ಒತ್ತಿ ಹಿಡಿದರೆ ಮಾತು ಬರುವ ಯಂತ್ರವನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಬಂದು ಅದನ್ನು ಕಲಿಯಿರಿ ಎಂದು ಒಪ್ಪಿಸುವುದೇ ಅವಳ ಕೆಲಸ. ಯಂತ್ರ ಡಬ್ಬಿಯಲ್ಲಿತ್ತು. ಡಬ್ಬಿಯ ಮೇಲೆ ಅವರ ಹಲ್ಲುಜ್ಜುವ ಬ್ರಷ್ಷು ಇತ್ತು.

"ತಾತ, ನಾನು ಸುಳ್ಳು ಬರೆದು ಸಿಕ್ಕಿಹಾಕ್ಕೊಂಡೆ. ನಿಮ್ಮ ಕಂಠ ಗದ್ಗದ ಆಗಿತ್ತು ಅಂತ ಬರೆದುಬಿಟ್ಟೆ."

ತಾತನ ಭುಜ ಕುಣಿಯಿತು, ಹೊಟ್ಟೆ ಕುಣಿಯಿತು, ಮಂಚವೂ ಕುಣಿಯಿತು. ಸದ್ದು ಮಾತ್ರ ಇಲ್ಲ. ಕಣ್ಣೊರೆಸಿಕೊಂಡು ಸ್ಲೇಟಿನಲ್ಲಿ ಬರೆದರು: 'ಗದ್ಗದವೆ? ನನ್ನ ಕಂಠವೆ? ಮಾನ ಕಳೆದೆಯಲ್ಲ ಮಗೂ!' ಅದನ್ನು ಅಂಗೈಯಿಂದ ಒರೆಸಿ, ಇನ್ನೊಂದು ಪದ: 'ನಡಿ.'

ಬಸ್ ನಿಲ್ದಾಣದಲ್ಲಿ ಅವತ್ತು ಇಡೀ ಪ್ರಪಂಚವೇ ಗಂಟುಮೂಟೆ ಕಟ್ಟಿಕೊಂಡು ನಿಂತಿತ್ತು. ತಾತ ನಾಲ್ಕನೇ ಅಂಕಣದ ಬೆಂಚಿನ ತುದಿಯಲ್ಲಿ, ಅದು ತಮ್ಮ ತಾತನ ಕಾಲದಿಂದ ಬಂದ ಆಸ್ತಿ ಎಂಬಂತೆ ಕೂತರು. ಎದುರಿನ ಅಂಗಡಿಯವನು ಕೇಳದೆಯೇ ಒಂದು ಬನ್ನು ಕಟ್ಟಿದ. ತಾತ ಎರಡು ಬೆರಳು ತೋರಿಸಿದರು. ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರು ಗೊರಗೊರ ಎಂದಿತು.

"ಪ್ರಯಾಣಿಕರ ಗಮನಕ್ಕೆ. ನಾಲ್ಕನೇ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಐದು ನಿಮಿಷಗಳಲ್ಲಿ ಹೊರಡಲಿದೆ. ದಯವಿಟ್ಟು ನಿಮ್ಮ ಸಾಮಾನುಗಳ ಬಗ್ಗೆ ನೀವೇ ಎಚ್ಚರ ವಹಿಸಿ."

ಕಂಚಿನ ಧ್ವನಿ. ಅದನ್ನು ಕೇಳಿದರೆ ನಿಂತ ಬಸ್ಸುಗಳು ತಾವಾಗಿಯೇ ಹೊರಡಬೇಕು, ಅಂಥದ್ದು. ತಾತನ ತುಟಿಗಳು ಅದರ ಜೊತೆಗೆ ಆಡುತ್ತಿದ್ದವು. ಒಂದಕ್ಷರ ಹಿಂದಿಲ್ಲ, ಮುಂದಿಲ್ಲ. ಯಾರೂ ತಲೆಯೆತ್ತಲಿಲ್ಲ. ಒಬ್ಬಾಕೆ ತನ್ನ ಚೀಲವನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡಳು.

"ಇದು ನೀವಾ?"

ಸ್ಲೇಟು: 'ಹನ್ನೆರಡು ವರ್ಷದ ಹಿಂದಿನ ರೆಕಾರ್ಡು. ಅವತ್ತು ನೆಗಡಿ ಇತ್ತು. ಇನ್ನೊಂದು ಸಲ ಹೇಳ್ತೀನಿ ಅಂದೆ. ಇದೇ ಸಾಕು ಅಂದರು.'

"ದಿನಾ ಬರ್ತೀರಾ?"

ತಲೆಯಾಡಿಸಿದರು.

"ಅದಕ್ಕೇ ಆ ಯಂತ್ರ ಬೇಡವಾ?"

'ಅದರಲ್ಲಿ ಎಲ್ಲರದೂ ಒಂದೇ ಧ್ವನಿ' ಎಂದು ಬರೆದು, ಬಳಪ ಜೇಬಿಗೆ ಹಾಕಿಕೊಂಡರು.

ಸ್ಪೀಕರು ಅದನ್ನೇ ಮತ್ತೆ ಹೇಳಿತು. ತಾತ 'ದಯವಿಟ್ಟು' ಎಂಬಲ್ಲಿ ಮೂಗು ಮುಟ್ಟಿ ತೋರಿಸಿದರು; ನೆಗಡಿ ಅಲ್ಲಿತ್ತು. ಅವಳು ಕಿವಿಗೊಟ್ಟಳು. ಹೌದು, ಸ್ವಲ್ಪ ಕಟ್ಟಿತ್ತು.

"ನಮ್ಮಮ್ಮನ ಧ್ವನಿ ಎಲ್ಲೂ ಇಲ್ಲ ತಾತ," ಎಂದಳು. ಪಕ್ಕದವರಿಗೆ ಬಸ್ಸಿನ ನಂಬರು ಹೇಳಿದಂತಿತ್ತು. "ಫೋನಲ್ಲಿ ಹುಡುಕಿದೆ. ಒಂದು ವಿಡಿಯೋ ಇದೆ. ಅದರಲ್ಲಿ ಕೈ ಅಡ್ಡ ಹಿಡಿದಿದಾರೆ, ಮಾತಾಡಿಲ್ಲ."

ಬಸ್ಸು ಹೊರಟಿತು, ಆ ಜಾಗದಲ್ಲಿ ಎಣ್ಣೆಯ ಕಲೆ ಉಳಿಯಿತು. ಮೂರನೆಯ ಸಲ ಸ್ಪೀಕರು ಮಾತಾಡುವ ಹೊತ್ತಿಗೆ ಅವಳು ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ ಬನ್ನು ತಿನ್ನುತ್ತಿದ್ದಳು. ತಿಂದು ಮುಗಿಸಿ ಕಾಗದದಲ್ಲಿ ಉಳಿದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದಳು. ತಾತ ಅದನ್ನು ನೋಡಿ, ತಮ್ಮದನ್ನು ಮುರಿದು ದೊಡ್ಡ ಅರ್ಧವನ್ನು ಅವಳ ಮಡಿಲಲ್ಲಿಟ್ಟರು.

ಶನಿವಾರ ಮೇಡಂ ಇಪ್ಪತ್ತನೆಯ ವರದಿಯನ್ನು ಕನ್ನಡಕ ಏರಿಸಿಕೊಂಡು ಓದಿದರು. ನಲವತ್ತೆರಡು ಮೆಟ್ಟಿಲು, ಸ್ಲೇಟಿನ ಮಾತುಗಳು, ನೆಗಡಿ. ಯಂತ್ರ ಕಲಿಯಲು ಒಪ್ಪಲಿಲ್ಲ. ಮೂರನೆಯ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರ: 'ಹಸಿವಾಯಿತು. ನನ್ನ ಬನ್ನು ತಿಂದೆ. ಅವರದ್ದರಲ್ಲೂ ಅರ್ಧ ತಿಂದೆ.'

ಕೆಂಪು ಪೆನ್ನು ಗಾಳಿಯಲ್ಲಿ ಒಂದು ಯುಗ ನಿಂತಿತು.

"ಇದನ್ನ ಭಾವನೆ ಅಂತಾರೇನಮ್ಮ?"

"ಗೊತ್ತಿಲ್ಲ ಮೇಡಂ. ಹದಿನಾಲ್ಕು ತಿಂಗಳಿಂದ ಹಸಿವೇ ಆಗಿರಲಿಲ್ಲ."

ಮೇಡಂ ಡ್ರಾಯರಿನಲ್ಲಿ ಹುಡುಕಿ, ನೀಲಿ ಪೆನ್ನು ತೆಗೆದು ಸಹಿ ಹಾಕಿದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ಅಡುಗೆಮನೆಗೆ ಹೋಗಿ ಒಲೆ ಹಚ್ಚಿ, ಎರಡು ತಟ್ಟೆಗಳನ್ನು ತೊಳೆದು ಮೇಜಿನ ಮೇಲಿಟ್ಟಳು. ತಟ್ಟೆಯ ಸದ್ದಿಗೆ ಅಪ್ಪ ಗೋಡೆಯ ಗಡಿಯಾರದ ಕಡೆ ನೋಡಿದರು.

"ಆರೂವರೆ ಅಷ್ಟೇ ಕಣೇ ಪುಟ್ಟೀ."

"ಗೊತ್ತು. ಬನ್ನಿ."

ಅಪ್ಪನ ಕಾಲು ಪೆಡಲಿನ ಮೇಲೆ ನಿಂತಿತು. ಯಂತ್ರದ ಚಕ್ರ ತನ್ನಷ್ಟಕ್ಕೆ ತಾನು ಇನ್ನೆರಡು ಸುತ್ತು ತಿರುಗಿತು.