ಕಿಟಕಿಯ ಮೇಲಿಟ್ಟ ಫೋನು

ಎರಡನೆಯ ಏಟು ಬೀಳುವಾಗ ಶಾಲೆಯ ಕಂಪ್ಯೂಟರ್ ಮಾಷ್ಟ್ರು ತೀರ್ಥರಾಮ ಯೋಚಿಸುತ್ತಿದ್ದದ್ದು ಸುಟ್ಟುಹೋದ ಮೋಡೆಮ್ಮಿನ ಬಗ್ಗೆ. ಮೊದಲನೆಯದು ಕಿವಿಗೆ ಬಿದ್ದಿತ್ತು. ಕಾಲರು ಹಿಡಿದಿದ್ದ ಸುಜಯ್ ಎಂಟನೇ ತರಗತಿಯ ಅಪೇಕ್ಷಾಳ ತಂದೆ. ಕಳೆದ ತಿಂಗಳ ಪೋಷಕರ ಸಭೆಯಲ್ಲಿ ಇದೇ ಕೈ ಎತ್ತಿ ನಮಸ್ಕಾರ ಮಾಡಿದವನು.

"ಮಕ್ಕಳಿಗೆ ಎಂತ ತೋರಿಸುದು ನೀನು?"

"ನಾನು ತೋರಿಸಿದ್ದಲ್ಲ. ಅದಾಗಿಯೇ ಬಂದದ್ದು."

ಮೂರನೆಯದು ಬಾಯಿಗೆ. ತಲೆ ಕೀಬೋರ್ಡಿಗೆ ಬಡಿದು ನಾಲ್ಕೈದು ಕೀಲಿಗಳು ಹಾರಿದವು. ಕೆಳಗೆ ಬಿದ್ದವನ ಪಕ್ಕೆಗೆ ಚಪ್ಪಲಿಕಾಲು. ಲ್ಯಾಬಿನ ಬಾಗಿಲಲ್ಲಿ ಮುಖ್ಯೋಪಾಧ್ಯಾಯ ಶ್ರೀಕೃಷ್ಣ ಭಟ್ಟರು ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದರು. ಬಿಡಿಸಲು ಬರುತ್ತಾರೆಂದು ತೀರ್ಥರಾಮ ಕಾದ. "ಸಾಕು ಮಾರಾಯ್ರೆ" ಎಂದು ಅವರು ಹೇಳಿದ್ದು ಸುಜಯನ ಕೈ ಸೋತ ಮೇಲೆ.

ಗುಡುಗು ಕೇಳಿದರೆ ಈ ಕಡೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ಪ್ಲಗ್ಗು ಕೀಳುತ್ತಾರೆ. ಏಪ್ರಿಲಿನ ಒಂದು ಭಾನುವಾರ ಶಾಲೆಯಲ್ಲಿ ಕೀಳುವವರಿರಲಿಲ್ಲ. ಸಿಡಿಲಿಗೆ ಮೋಡೆಮ್ ಸುಟ್ಟಿತು. ಮಕ್ಕಳ ಪರದೆಗೆ ಬೇಡದ್ದನ್ನೆಲ್ಲ ತಡೆಯುತ್ತಿದ್ದ ಏರ್ಪಾಡೂ ಅದರ ಜೊತೆ ಹೋಯಿತು. "ಸದ್ಯಕ್ಕೆ ನಿಮ್ಮ ಮೊಬೈಲಿನ ನೆಟ್ ಕೊಡಿ" ಎಂದಿದ್ದರು ಭಟ್ಟರು. ಆ 'ಸದ್ಯಕ್ಕೆ' ಆರು ತಿಂಗಳು ನಡೆಯಿತು. ಸಿಗ್ನಲ್ ಸಿಗುತ್ತಿದ್ದದ್ದು ಲ್ಯಾಬಿನ ಕಿಟಕಿಯಲ್ಲಿ ಮಾತ್ರ. ಅವನ ಫೋನು ದಿನವಿಡೀ ಅಲ್ಲೇ, ಲಾಕ್ ತೆಗೆದು, ಚಾರ್ಜಿಗೆ ಹಾಕಿ ಇರುತ್ತಿತ್ತು.

ಇವತ್ತು ಎರಡನೇ ಪೀರಿಯಡ್ಡಿನಲ್ಲಿ ಮಕ್ಕಳು ಅವನ ಕಂಪ್ಯೂಟರಿನ ಸುತ್ತ ನಿಂತು ಗುಂಡ್ಯ ಹೊಳೆಯ ಬಗ್ಗೆ ಹುಡುಕಿಸುತ್ತಿದ್ದರು. ಹೊಳೆಯ ಚಿತ್ರದ ಕೆಳಗಿಂದ ಒಂದು ವಿಡಿಯೋ ತಾನಾಗಿಯೇ ಓಡತೊಡಗಿತು. ಎಲ್ಲಿಯದೋ ಊರು. ಕಂಬಕ್ಕೆ ಕಟ್ಟಿದ ಒಬ್ಬ ಮನುಷ್ಯ, ಅವನಿಗೆ ದೊಣ್ಣೆಗಳಿಂದ ಹೊಡೆಯುವ ಏಳೆಂಟು ಮಂದಿ. ನಲವತ್ತು ಸೆಕೆಂಡು. ಕೊನೆಗೆ ತಲೆ ಒಡೆದ ಸದ್ದು.

ಮೌಸ್ ಕೆಲಸ ಮಾಡಲಿಲ್ಲ ಎಂದು ತೀರ್ಥರಾಮ ಎಲ್ಲರಿಗೂ ಹೇಳಿದ್ದ. ಮೌಸ್ ಸರಿಯಾಗಿಯೇ ಇತ್ತು. ಅವನ ಅಂಗೈಯ ಕೆಳಗೇ ಇತ್ತು. ಆ ಮನುಷ್ಯ ತಲೆ ಎತ್ತುತ್ತಾನೋ ಇಲ್ಲವೋ ಎಂದು ಅವನಿಗೆ ನೋಡಬೇಕಿತ್ತು, ಅಷ್ಟೆ. ಹಿಂದೆ ಮೂವತ್ತು ಮಕ್ಕಳು ನೋಡುತ್ತಿದ್ದರು. ಅಪೇಕ್ಷಾ ಮಾತ್ರ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವಳು ಅನ್ನ ಮುಟ್ಟದೆ ತಂದೆಗೆ ಹೇಳಿ, ಅವನ ಜೊತೆಗೇ ಶಾಲೆಗೆ ಮರಳಿದಳು.

ಸುಜಯನ ದೂರಿನ ಮೇಲೆ ಸಂಜೆ ನಾಲ್ಕಕ್ಕೆ ಠಾಣೆ. ತುಟಿ ಬಾತು ಮಾತು ತೊದಲುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಮೊಯ್ದೀನ್ ಅವನ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಬರೆಯುತ್ತಿದ್ದರು.

"ಸಿಮ್ ಯಾರ ಹೆಸರಲ್ಲಿ?"

"ನನ್ನ ಹೆಸರಲ್ಲಿ. ಆದರೆ ಹೆಡ್ಮಾಷ್ಟ್ರು ಹೇಳಿದ್ದಕ್ಕೆ ಕೊಟ್ಟದ್ದು."

ಭಟ್ಟರು ಗೋಡೆಯ ಕ್ಯಾಲೆಂಡರು ಓದುತ್ತಿದ್ದರು. "ನಾನು ಬಾಯಲ್ಲಿ ಹೇಳಿದ್ದಿರಬಹುದು. ಬರೆದು ಕೊಟ್ಟಿದ್ದೇನಾ? ನಂಗೆ ಕಂಪ್ಯೂಟರ್ ಎಲ್ಲ ಗೊತ್ತಿಲ್ಲ ಮಾರಾಯ್ರೆ."

"ಹಾಗಾದ್ರೆ ಜವಾಬ್ದಾರಿ ನಿಮ್ಮದೇ ಆಗ್ತದೆ ಮಾಷ್ಟ್ರೆ," ಎಂದು ಮೊಯ್ದೀನ್ ತೀರ್ಥರಾಮನಿಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಹೇಳಿಕೆ ಸಿದ್ಧವಾಗಿತ್ತು: ಶಾಲೆಗೆ ತಿಳಿಸದೆ ಸ್ವಂತ ಇಂಟರ್‌ನೆಟ್ ಬಳಸಿದ್ದೇನೆ. ಸಹಿ ಹಾಕಿದರೆ ಏಳು ವರ್ಷದ ಕೆಲಸವೂ ಹೋಯಿತು, ಮೇಲಿಂದ ಕೇಸೂ ಬಿತ್ತು. ತೀರ್ಥರಾಮ ಪೆನ್ನು ಹಿಡಿದು ಕುಳಿತ. ಭಟ್ಟರ ಮುಖಕ್ಕೆ ಅದನ್ನು ಚುಚ್ಚಬೇಕೆನ್ನಿಸಿತು. ಚುಚ್ಚುವಷ್ಟು ದ್ವೇಷವೂ ತನ್ನಲ್ಲಿಲ್ಲವೆಂದು ತಿಳಿದು ನಾಚಿಕೆಯಾಯಿತು.

"ನಂಗೆ ಹೊಡೆದದ್ದಕ್ಕೆ ಯಾರು ಜವಾಬ್ದಾರಿ?"

"ಅದು ಬೇರೆ ವಿಷಯ." ಮೊಯ್ದೀನ್ ಫೋನನ್ನು ಅವನತ್ತ ತಿರುಗಿಸಿದರು. "ಮತ್ತೊಂದುಂಟು. ನಿಮ್ಮನ್ನು ಹೊಡೆಯುವ ವಿಡಿಯೋ. ಪೋಷಕರ ಗ್ರೂಪಿಗೆ ಹೋಗಿದೆ, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ. ನಿಮ್ಮ ನಂಬ್ರದಿಂದ."

"ಆಗ ನಾನು ನೆಲದಲ್ಲಿ ಬಿದ್ದಿದ್ದೆ."

"ನಂಬ್ರ ನಿಮ್ಮದಲ್ವಾ?"

ತೀರ್ಥರಾಮ ನೋಡಿದ. ಕಿಟಕಿಯ ಕಡೆಯಿಂದ, ಒಂದು ಮಗುವಿನ ಎದೆಯೆತ್ತರದಿಂದ ತೆಗೆದದ್ದು. ಸುಜಯ್ ಕೈ ಎತ್ತಿದಾಗ "ಅಪ್ಪಾ" ಎಂದು ತೀರ ಹತ್ತಿರದಿಂದ ಸಣ್ಣ ದನಿ ಕೇಳಿತು, ಒಂದೇ ಸಲ. ಅಪೇಕ್ಷಾಳದು. ಆಮೇಲೆ ದನಿಯಿಲ್ಲ. ಚಿತ್ರ ಮಾತ್ರ ಕೊನೆಯವರೆಗೂ ಅಲುಗಲಿಲ್ಲ. ಅಂಚಿನಲ್ಲಿ ಭಟ್ಟರು ಕೈ ಹಿಂದೆ ಕಟ್ಟಿ ನಿಂತಿದ್ದರು.

ನಲವತ್ತು ಸೆಕೆಂಡು. ನೋಡುವಾಗ ಅವನಿಗೆ ನೋವಿರಲಿಲ್ಲ. ಬಿದ್ದವನು ತಲೆ ಎತ್ತುತ್ತಾನೋ ಇಲ್ಲವೋ ಎಂದು ತಿಳಿಯುವ ಮೊದಲೇ ವಿಡಿಯೋ ಮುಗಿದುಹೋಯಿತು.

"ಇನ್ನೊಮ್ಮೆ ಹಾಕಿ," ಅಂದ.

ಮೊಯ್ದೀನ್ ಅವನ ಮುಖ ನೋಡಿದರು. ಎದ್ದು ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟು ಒತ್ತಿದರು. ಒಳಗಿದ್ದ ಇಬ್ಬರು ಪೇದೆಗಳು ಎದ್ದು ಬಂದರು. ಭಟ್ಟರೂ ಬಂದರು. ತೀರ್ಥರಾಮ ಸಹಿ ಹಾಕದ ಕಾಗದದ ಮೇಲೆ ಪೆನ್ನಿಟ್ಟು, ಅವರ ಪಕ್ಕ ಹೋಗಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತ.